ಫೋಟೊ ತೆಗೆಯೋಕೆ ಬರುತ್ತೆ, ಒಂದು ಮಾತು ಹೇಳೋಕೆ ಬರಲ್ವಾ?

ಭಾನುವಾರ ಬೆಳಿಗ್ಗೆ ನಡೆದಿದ್ದು. ಬರೆಯೋದು ಬೇಡ ಅಂತ ಮೂರು ದಿನ ಸುಮ್ನಿದ್ದೆ. ಸಿಟ್ಟು ಇಳಿಯಲಿಲ್ಲ, ಅದಕ್ಕೇ ಬರೀತಿದ್ದೇನೆ.

ನಮ್ಮ ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲ್. ಹೆಸರು ಬೇಡ. ಭಾನುವಾರ ಅಂದ್ರೆ ಗೊತ್ತಲ್ಲ, ನಿಲ್ಲೋಕೂ ಜಾಗ ಇರಲ್ಲ. ನನ್ನ ಎದುರಿನ ಟೇಬಲ್ಲಿಗೆ ಒಬ್ಬ ವಿದೇಶಿ ಹೆಣ್ಣುಮಗಳು ಬಂದು ಕೂತಳು. ಮೂವತ್ತೈದರ ಹತ್ತಿರ ಇರಬಹುದು. ಒಬ್ಬಳೇ. ಬೆನ್ನ ಮೇಲಿನ ದೊಡ್ಡ ಚೀಲ ಇಳಿಸಿ ಕಾಲ ಹತ್ತಿರ ಇಟ್ಟುಕೊಂಡಳು. ದೋಸೆ ಬಂತು, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಆಕೆ ಎಡಗೈಯಲ್ಲಿ ಮುರಿದು, ಚಟ್ನಿಗೆ ಅದ್ದಿ, ಕಣ್ಣು ಮುಚ್ಚಿಕೊಂಡು ತಿಂದಳು. ಅಷ್ಟು ಖುಷಿಯಿಂದ ತಿನ್ನೋದನ್ನ ನೋಡೋಕೇ ಚೆಂದ.

ಪಕ್ಕದ ಟೇಬಲ್ಲಿನ ನಾಲ್ಕು ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ವೀಡಿಯೊ ಆನ್ ಮಾಡಿದ. ಬರೀ ಆ ಎಡಗೈ ಕಾಣೋ ಹಾಗೆ. ಉಳಿದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗ್ತಾ ಇದ್ದರು. ಸುತ್ತ ಕೂತ ದೊಡ್ಡವರೂ ನೋಡಿದರು, ತಲೆ ತಗ್ಗಿಸಿಕೊಂಡು ದೋಸೆ ತಿಂದರು. ಆಕೆ ತಿಂದು, ಕೈ ತೊಳೆದು, ಗಲ್ಲಾಪೆಟ್ಟಿಗೆ ಹತ್ತಿರ ಹೋಗಿ ಎಡಗೈಯಲ್ಲೇ ನೋಟು ಚಾಚಿದಳು. ಗಲ್ಲಾದಲ್ಲಿ ಕೂತವರು ಮುಖ ಸಿಂಡರಿಸಿ ಕೈ ಹಿಂದಕ್ಕೆ ತಗೊಂಡರು. 'ಅಲ್ಲಿಡಮ್ಮ, ಅಲ್ಲಿ' ಅಂತ ಕನ್ನಡದಲ್ಲಿ. ಆಕೆಗೆ ಏನೂ ತಿಳೀಲಿಲ್ಲ. ನೋಟು ಹರಿದಿದೆಯಾ ಅಂತ ತಿರುಗಿಸಿ ನೋಡಿದಳು. ಇನ್ನೊಂದು ನೋಟು ತೆಗೆದಳು, ಮತ್ತೆ ಎಡಗೈಯಲ್ಲೇ.

ಅದನ್ನ ನೋಡಿ ನನಗೆ ಕೂತಿರೋಕೆ ಆಗಲಿಲ್ಲ.

ಎದ್ದು ಹೋಗಿ ಹೇಳಿದೆ. 'ಅಮ್ಮಾ, ನೋಟು ಸರಿ ಇದೆ. ನಮ್ಮಲ್ಲಿ ಕೊಡೋದು ತಗೊಳ್ಳೋದು ತಿನ್ನೋದು ಎಲ್ಲ ಬಲಗೈಯಲ್ಲಿ. ಎಡಗೈ ತೊಳೆದುಕೊಳ್ಳೋಕೆ ಅಂತ ಇಟ್ಟಿದ್ದೇವೆ, ಅದಕ್ಕೇ ಅವರು ತಗೊಳ್ಳಲಿಲ್ಲ.' ಒಂದು ನಿಮಿಷದ ಮಾತು, ಅಷ್ಟೇ. ಆಕೆ ಕೆಂಪಾಗಿ ಹೋದಳು. ನೋಟನ್ನು ಬಲಗೈಗೆ ಬದಲಿಸಿ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಮೂರು ದಿನದಿಂದ ನನ್ನ ತಲೇಲಿ ಕೂತಿದೆ. 'ನಾನು ಈ ಕಡೆ ಬಂದು 12 ದಿನ ಆಯ್ತು. ದಿನಾ ಎಷ್ಟೋ ಜನ ನನ್ನ ಫೋಟೊ ತೆಗೀತಾರೆ. ಇದನ್ನ ಹೇಳಿದ್ದು ನೀವೇ ಮೊದಲು.'

12 ದಿನ! 12 ದಿನದಲ್ಲಿ ಎಷ್ಟು ಊಟ, ಎಷ್ಟು ಬಸ್ ಟಿಕೆಟ್, ಎಷ್ಟು ಚಿಲ್ಲರೆ. ಅಷ್ಟೂ ಸಲ ಯಾರೋ ನೋಡಿದ್ದಾರೆ, ಹೇಸಿಕೊಂಡಿದ್ದಾರೆ, ನಕ್ಕಿದ್ದಾರೆ. ಒಬ್ಬರೂ ಹೇಳಿಲ್ಲ.

ಹೊರಗೆ ಬಂದು ಮಾತಾಡ್ತಾ ನಿಂತಾಗ ಹಿಂದಿನ ದಿನದ ಕಥೆ ಹೇಳಿದಳು. ಶನಿವಾರ ದುರ್ಗದ ಕೋಟೆಗೆ ಹೋಗಿದ್ದಾಳೆ. ಟಿಕೆಟ್ ನಮಗೆ 25 ರೂಪಾಯಿ, ಅವರಿಗೆ 300. ಅದಕ್ಕೆ ಆಕೆಗೆ ಬೇಜಾರಿಲ್ಲ. ಓಬವ್ವನ ಕಿಂಡಿ ಹತ್ತಿರ ಒಂದು ಗುಂಪು ಕೇಳದೆ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತಗೊಂಡಿದೆ. ಗುಡಿಯ ಮೆಟ್ಟಿಲ ಹತ್ತಿರ ಹತ್ತು ಜನ ನಿಂತಿದ್ದರಂತೆ. ಈಕೆ ಚಪ್ಪಲಿ ಹಾಕಿಕೊಂಡು ಹತ್ತೋದನ್ನ ಎಲ್ಲರೂ ನೋಡ್ತಾ ನಿಂತಿದ್ದಾರೆ, ಯಾರೂ ಉಸಿರೆತ್ತಿಲ್ಲ. ಹತ್ತಿ ಮುಗಿದ ಮೇಲೆ ಒಬ್ಬರು ಗದರಿದ್ದಾರೆ. ಮೊದಲೇ 'ಚಪ್ಪಲಿ ಇಲ್ಲಿ ಬಿಡಿ' ಅಂತ ಕೈ ತೋರಿಸಿದ್ದರೆ ಸಾಕಿತ್ತು ಅಲ್ವಾ? ಅದಕ್ಕೆ ಇಂಗ್ಲಿಷೂ ಬೇಡ.

ನನಗೆ ಗೊತ್ತು, ಕೆಲವರು ಕಾಮೆಂಟಲ್ಲಿ ಏನು ಹಾಕ್ತೀರಿ ಅಂತ. 'ಬೇರೆ ದೇಶಕ್ಕೆ ಬರೋರು ಓದಿಕೊಂಡು ಬರಬೇಕು, ಎಲ್ಲ ಮೊಬೈಲಲ್ಲೇ ಸಿಗುತ್ತಲ್ಲ.' ಆಯ್ತು, ಓದಬೇಕು. ಎಡಗೈ ವಿಷಯ, ಚಪ್ಪಲಿ ವಿಷಯ ಓದಿದರೆ ಸಿಗುತ್ತೆ. ಆದರೆ ದಾರೀಲಿ ಸಿಕ್ಕವರು 'ಊಟ ಆಯ್ತಾ' ಅಂದ್ರೆ ಅದು ಊಟಕ್ಕೆ ಕರೆದಿದ್ದಲ್ಲ ಅಂತ ಯಾವ ಪುಸ್ತಕ ಹೇಳಬೇಕು? ಆಟೊದವರು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದರೆ ಅದು 'ಹೂಂ', ಅವರ ಊರಿನ 'ಇಲ್ಲ' ಅಲ್ಲ. ಆ ಗೊಂದಲದಲ್ಲೇ ಆಕೆ ಎರಡು ಆಟೊ ಬಿಟ್ಟು ನಡ್ಕೊಂಡು ಹೋಗಿದ್ದಾಳೆ. ಯಾರದ್ದಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತೀವಿ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಲ್ಲ, 'ಹೋಗಿ ಬರ್ತೀನಿ' ಅಂತೀವಿ. ನೀರಿನ ಬಾಟಲಿ ಹಂಚಿಕೊಂಡರೆ ಎತ್ತಿ ಕುಡೀತೀವಿ, ಎಂಜಲಾಗಬಾರದು ಅಂತ. ಇದೆಲ್ಲ ನಮಗೆ ಯಾರೋ ಹೇಳಿಕೊಟ್ಟಿದ್ದು. ಅಜ್ಜಿ ಹೇಳಿದಳು, ಅಮ್ಮ ಹೇಳಿದಳು, ಕೆಲವು ಸಲ ಬೆನ್ನಿಗೆ ಗುದ್ದಿ ಹೇಳಿದರು. ಹುಟ್ಟುವಾಗ ಯಾರೂ ಕಲಿತುಕೊಂಡು ಬಂದಿಲ್ಲ.

ಎರಡು ವರ್ಷದ ಹಿಂದೆ ಮಗನ ಮನೆಗೆ ಅಂತ ಜರ್ಮನಿಗೆ ಹೋಗಿದ್ದೆನಲ್ಲ, ಒಂದು ಭಾನುವಾರ ಖಾಲಿ ಗಾಜಿನ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಬೀದಿ ಕೊನೆಯ ದೊಡ್ಡ ಡಬ್ಬಕ್ಕೆ ಹಾಕ್ತಾ ಇದ್ದೆ. ಒಂದೊಂದೂ ಢಣ್ ಢಣ್ ಅಂತಿತ್ತು. ಅಲ್ಲಿ ಭಾನುವಾರ ಆ ಸದ್ದು ಮಾಡೋ ಹಾಗಿಲ್ಲ, ಅದು ಎಲ್ಲರ ವಿಶ್ರಾಂತಿಯ ದಿನ. ನನಗೆಲ್ಲಿ ಗೊತ್ತು? ಒಬ್ಬ ಅಜ್ಜ ಮನೆಯಿಂದ ಇಳಿದು ಬಂದರು. ಡಬ್ಬದ ಮೇಲೆ ಬರೆದ ಸಮಯವನ್ನು ಬೆರಳಿಟ್ಟು ತೋರಿಸಿದರು, ಎರಡೂ ಕೈ ಕೆನ್ನೆಗೆ ಇಟ್ಟು ಮಲಗೋ ಹಾಗೆ ಮಾಡಿ ನಕ್ಕರು. ಚೀಲ ತಾವೇ ಎತ್ತಿಕೊಂಡು ಬಾಗಿಲ ತನಕ ಬಂದರು. ಅವರು ಅವತ್ತು ಕಿಟಕೀಲಿ ನಿಂತು ನನ್ನ ವೀಡಿಯೊ ಮಾಡಿದ್ದರೆ?

'ನಮ್ಮ ಕಡೆ ಫಾರಿನ್‌ನವರು ಅಪರೂಪ, ಜನಕ್ಕೆ ಕುತೂಹಲ' ಅಂತಾನೂ ಹೇಳ್ತಾರೆ. ದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ. 2000 ವರ್ಷದ ಹಿಂದೆಯೇ ಹೊರಗಿನವರ ದುಡ್ಡು ಕೈ ಬದಲಾದ ನೆಲ ಇದು. ಅಷ್ಟು ದೂರ ಯಾಕೆ, ನಾವು ಎದೆ ತಟ್ಟಿಕೊಳ್ಳೋ ಬೆಣ್ಣೆದೋಸೆಯನ್ನೇ ನೋಡಿ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ಹೆಣ್ಣುಮಗಳು ಶುರು ಮಾಡಿದ್ದು ಅಂತಾರೆ. ಹೊರಗಿಂದ ಬಂದವರನ್ನು ನಮ್ಮೋರು ಅಂತ ಮಾಡಿಕೊಂಡ ಊರಲ್ಲಿ ಕೂತು ಆ ಹುಡುಗರು ನಗ್ತಾರೆ ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಆಕೆಯನ್ನು ಮಧ್ಯಾಹ್ನ ಊಟಕ್ಕೆ ಮನೆಗೆ ಕರೆದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು, ಕೇಳಿಯೇ ಒಳಗೆ ಬಂದಳು. ನಮ್ಮ ಅತ್ತೆಯವರ ಕೊರಳಲ್ಲಿ ಬೆಳ್ಳಿ ಕರಡಿಗೆ ಇರುತ್ತಲ್ಲ, ಅದನ್ನ ನೋಡಿ 'ಎಷ್ಟು ಚೆಂದದ ಲಾಕೆಟ್' ಅಂತ ಮುಟ್ಟೋಕೆ ಕೈ ಚಾಚಿದಳು. ಅತ್ತೆ ಗಾಬರಿಯಿಂದ ಹಿಂದೆ ಸರಿದರು. ನಾನು ಹೇಳಿದೆ, ಅದರೊಳಗೆ ಇಷ್ಟಲಿಂಗ ಇದೆ, ಅವರು ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡ್ತಾರೆ, ಬೇರೆಯವರು ಮುಟ್ಟಲ್ಲ ಅಂತ. ಆಕೆ ಎರಡೂ ಕೈ ಎದೆಗೆ ಒತ್ತಿಕೊಂಡು ಕ್ಷಮಿಸಿ ಅಂದಳು. ಐದು ನಿಮಿಷ ಆಗಿರಲಿಲ್ಲ, ಅತ್ತೆ ತಾವೇ ಎದ್ದು ಆಕೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಬಲಗೈಯಲ್ಲಿ ರೊಟ್ಟಿ ಮುರಿಯೋಕೆ ಆಕೆಗೆ ಬರ್ತಿರಲಿಲ್ಲ. ಹುಟ್ಟಾ ಎಡಚಳಂತೆ. ಬೆರಳು ಜಾರ್ತಾ ಇತ್ತು, ಎಣ್ಣೆಗಾಯಿ ಕುರ್ತಾ ಮೇಲೆ ಬಿತ್ತು, ಆದರೂ ಬಿಡಲಿಲ್ಲ. ಅದನ್ನ ನೋಡಿ ನನಗೆ ನನ್ನ ತಮ್ಮ ನೆನಪಾದ. ಯಾರಿಗೂ ಹೇಳಿರಲಿಲ್ಲ ಇದನ್ನ. ಅವನೂ ಎಡಚ. ಊಟಕ್ಕೆ ಕೂತರೆ ಅಮ್ಮ ಅವನ ಎಡಗೈಯನ್ನು ಸೆರಗಿನಿಂದ ಬಿಗಿದು ಕಟ್ಟಿ ಕೂರಿಸ್ತಿದ್ದಳು. ಅವನು ಅಳ್ತಾ ಅನ್ನ ಕಲಸ್ತಿದ್ದ. ನಾನು ಪಕ್ಕದಲ್ಲಿ ಕೂತು ನಗ್ತಿದ್ದೆ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಈಗ ಅವನಿಗೆ 58, ಇವತ್ತಿಗೂ ಮದುವೆ ಊಟದ ಪಂಕ್ತೀಲಿ ಎಡಗೈಯನ್ನು ತೊಡೆ ಕೆಳಗೆ ಇಟ್ಟುಕೊಂಡೇ ಕೂರ್ತಾನೆ. ಆ ಹುಡುಗರ ನಗು ಕೇಳಿ ನಾನು ಅಷ್ಟು ಸಿಟ್ಟಾಗಿದ್ದು ಅದಕ್ಕೇ ಇರಬೇಕು. ಆ ನಗು ನನಗೆ ಗೊತ್ತು.

ನನ್ನ ಸಂಪ್ರದಾಯ ನನಗೆ ಬೇಕು. ಎಡಗೈಯಲ್ಲಿ ಕುಂಕುಮ ಕೊಟ್ಟರೆ ನಾನೂ ತಗೊಳ್ಳಲ್ಲ. ಆದರೆ ಅದು ನನಗೆ ಅಷ್ಟು ದೊಡ್ಡದು ಅಂದ ಮೇಲೆ ಗೊತ್ತಿಲ್ಲದವರಿಗೆ ಹೇಳೋ ಜವಾಬ್ದಾರಿಯೂ ನನ್ನದೇ. ಹೇಳದೆ ಕಾದು ಕೂತು, ತಪ್ಪು ಮಾಡಿದ ಮೇಲೆ ಮೊಬೈಲ್ ಎತ್ತೋದು ಯಾವ ಸಂಪ್ರದಾಯ?

ಹೊರಡುವಾಗ ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸ್, ಎಲೆ ಅಡಿಕೆ ಕೊಟ್ಟೆ. ಯಾಕೆ ಕೊಡ್ತೀವಿ, ಹೇಗೆ ತಗೋಬೇಕು ಅಂತಾನೂ ಹೇಳಿದೆ.

ಇವತ್ತು ಬೆಳಿಗ್ಗೆ ಹಂಪಿಯಿಂದ ಮೆಸೇಜ್ ಬಂತು. ಗುಡೀಲಿ ಪೂಜಾರಿಗಳು ತೀರ್ಥ ಕೊಡ್ತಿದ್ದಾರೆ, ಸಾಲು ಹತ್ತಿರ ಬರ್ತಿದೆ, ಏನು ಮಾಡಲಿ ಅಂತ. ಒಲೆ ಮೇಲೆ ಹಾಲಿತ್ತು, ಆರಿಸಿ ಬಂದು ಬರೆದೆ: ಬಲ ಅಂಗೈ ಬಟ್ಟಲ ಥರ ಮಾಡು, ಎಡಗೈ ಅದರ ಕೆಳಗೆ ಇಡು, ಸದ್ದಾಗದ ಹಾಗೆ ಕುಡಿ, ಕೈ ತಲೆಗೆ ಒರೆಸಿಕೋ. ಕುಡಿಯೋಕೆ ಇಷ್ಟ ಇಲ್ಲದಿದ್ದರೆ ಕೈ ಮುಗಿದು ಮುಂದೆ ಹೋಗು, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಆಮೇಲೆ ತಡೆಯಲಾಗದೆ ಕೇಳಿದೆ, ಯಾರಾದರೂ ಫೋಟೊ ತೆಗೀತಿದ್ದಾರಾ ಅಂತ.

'ಇಬ್ಬರು' ಅಂತ ಬಂತು.