ಕೈಯಿಂದ ಕೈಗೆ ಹೋಗದ ಪುಸ್ತಕ

ಅಮೆರಿಕದ ಕಾಲೇಜಿನ ಮೊದಲ ವರ್ಷದ ರಸಾಯನಶಾಸ್ತ್ರಕ್ಕೆ ಬೇಕಾದುದನ್ನೆಲ್ಲ ಕೊಳ್ಳುವ ಹೊತ್ತು ಬಂದಾಗ, ಇಲ್ಲಿನ ಕನ್ನಡ ಕುಟುಂಬಗಳು ಊರಿನ ಉಪಾಯಗಳನ್ನೇ ನೆಚ್ಚಿಕೊಳ್ಳುತ್ತವೆ: ಹಳೆಯ ಪ್ರತಿ ಹುಡುಕುವುದು, ಸೀನಿಯರುಗಳನ್ನು ಕೇಳುವುದು, ಬೆಂಗಳೂರಿಗೆ ಹೋದವರ ಕೈಯಲ್ಲಿ ಭಾರತೀಯ ಆವೃತ್ತಿ ತರಿಸುವುದು. ಟೆಕ್ಸಸ್‌ನಲ್ಲಿದ್ದುಕೊಂಡು ಮಗಳ ಕಾಲೇಜಿನ ಖರ್ಚು ನೋಡಿಕೊಳ್ಳುತ್ತಿರುವ ನನಗೆ ಈ ಉಪಾಯಗಳಲ್ಲಿ ದೋಷವೇನೂ ಕಾಣುವುದಿಲ್ಲ; ಆದರೆ ಇಲ್ಲಿ ಹಣ ಸೋರುವ ಜಾಗವೇ ಬೇರೆ.

ಕರ್ನಾಟಕದಲ್ಲಿ ಪುಸ್ತಕದ ಖರ್ಚು ಹತೋಟಿಯಲ್ಲಿರುವುದಕ್ಕೆ ಬೆಲೆ ಕಡಿಮೆ ಎಂಬುದೊಂದೇ ಕಾರಣವಲ್ಲ. ವಿಟಿಯು ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದವರಲ್ಲಿ ಒಂದು ಪಾಲು ಕೆಮಿಸ್ಟ್ರಿ ಸೈಕಲ್‌ಗೂ ಇನ್ನೊಂದು ಪಾಲು ಫಿಸಿಕ್ಸ್ ಸೈಕಲ್‌ಗೂ ಸೇರಿ, ಸೆಮಿಸ್ಟರ್ ಮುಗಿದೊಡನೆ ಅದಲುಬದಲಾಗುವುದರಿಂದ, ಪುಸ್ತಕಗಳೂ ಜೊತೆಯಲ್ಲೇ ಅದಲುಬದಲಾಗುತ್ತವೆ. ಉಳಿದದ್ದಕ್ಕೆ ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಿವೆ, ಜೆರಾಕ್ಸ್ ಇದೆ. ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ವಿಶ್ವವಿದ್ಯಾಲಯವೇ ನಿಗದಿ ಮಾಡುವುದರಿಂದ, ಯಾವ ಲೇಖಕರ ಪುಸ್ತಕ ಓದಿದರೂ ಪಾಸಾಗಬಹುದು.

ಇಲ್ಲಿ ಪುಸ್ತಕವನ್ನು ಆರಿಸುವುದು ಆಯಾ ವಿಭಾಗ ಅಥವಾ ಅಧ್ಯಾಪಕರು. ಹೀಗಾಗಿ ಆರಿಸುವವರೊಬ್ಬರು, ದುಡ್ಡು ಕೊಡುವವರೊಬ್ಬರು. ಅದಕ್ಕಿಂತ ದೊಡ್ಡ ತೊಡಕೆಂದರೆ ಆಕ್ಸೆಸ್ ಕೋಡ್, ಅಂದರೆ ಪ್ರಕಾಶಕರ ಜಾಲತಾಣದೊಳಗೆ ಹೋಗಲು ದುಡ್ಡು ಕೊಟ್ಟು ಕೊಳ್ಳಬೇಕಾದ ಸಂಕೇತ. ಹೋಂವರ್ಕನ್ನು ಪ್ರಕಾಶಕರ ಜಾಲತಾಣದಲ್ಲೇ ಮಾಡಬೇಕು, ಅದರ ಅಂಕಗಳು ಅಂತಿಮ ಗ್ರೇಡಿಗೆ ಸೇರುತ್ತವೆ, ಮತ್ತು ಕೋಡ್ ಒಬ್ಬರ ಹೆಸರಿನಲ್ಲಿ ಒಮ್ಮೆ ನೋಂದಣಿಯಾದರೆ ಇನ್ನೊಬ್ಬರಿಗೆ ಉಪಯೋಗವಿಲ್ಲ. ಥಾಯ್ಲೆಂಡಿನ ಸುಪಾಪ್ ಕಿರ್ತ್‌ಸೆಂಗ್ ಎಂಬ ವಿದ್ಯಾರ್ಥಿ ತನ್ನ ದೇಶದಲ್ಲಿ ಅಗ್ಗವಾಗಿ ಸಿಗುತ್ತಿದ್ದ ಪಠ್ಯಪುಸ್ತಕಗಳನ್ನು ತರಿಸಿ ಇಲ್ಲಿ ಮಾರಿದ ಪ್ರಕರಣದಲ್ಲಿ, ವಿದೇಶದಲ್ಲಿ ನ್ಯಾಯವಾಗಿ ಕೊಂಡ ಪ್ರತಿಯನ್ನು ಮರುಮಾರಾಟ ಮಾಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಕಾಗದದ ಪುಸ್ತಕಕ್ಕೆ ಆ ಗೆಲುವು ದೊಡ್ಡದೇ. ಕೋಡಿನ ಮುಂದೆ ಅದು ನಡೆಯುವುದಿಲ್ಲ. ಭಾರತೀಯ ಆವೃತ್ತಿಯಲ್ಲಿ ಕೋಡ್ ಇರುವುದಿಲ್ಲ, ಅಧ್ಯಾಯದ ಕೊನೆಯ ಲೆಕ್ಕಗಳ ಕ್ರಮಸಂಖ್ಯೆಯೂ ಬೇರೆಯಾಗಿರಬಹುದು.

ಆದ್ದರಿಂದ ಕೊಳ್ಳುವ ಮೊದಲು ಅಧ್ಯಾಪಕರಿಗೆ ಒಂದು ಇಮೇಲ್ ಬರೆಯುವುದೇ ಅತ್ಯಂತ ಲಾಭದ ಕೆಲಸ. ಕೋಡ್ ಕಡ್ಡಾಯವೇ, ಹಿಂದಿನ ಆವೃತ್ತಿ ನಡೆಯುತ್ತದೆಯೇ ಎಂದು ಕೇಳಬೇಕು. ಹಾಗೆ ಕೇಳುವುದು ಉದ್ಧಟತನವೆಂದು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಮನೆಯಲ್ಲಿ ನಾವು ಕಲಿಸಿದ ಗುರುಭಕ್ತಿಯ ಫಲವಿರಬೇಕು. ಕೋಡಿನೊಳಗೇ ಇ-ಪುಸ್ತಕ ಸೇರಿದ್ದರೆ ಮುದ್ರಿತ ಪ್ರತಿ ಬೇಕಿಲ್ಲ. ಎರಡನೆಯ ಸೆಮಿಸ್ಟರಿನಲ್ಲೂ ಅದೇ ಪುಸ್ತಕ ಮುಂದುವರಿಯುವುದಾದರೆ, ಎರಡು ಸಲ ಕೊಳ್ಳುವುದಕ್ಕಿಂತ ದೀರ್ಘಾವಧಿಯ ಒಂದೇ ಕೋಡ್ ಅಗ್ಗವೇ ಎಂದು ಲೆಕ್ಕ ಹಾಕಬೇಕು. 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆಯ ಪ್ರಕಾರ ಕಾಲೇಜುಗಳು ಪುಸ್ತಕದ ಐಎಸ್‌ಬಿಎನ್ (ಆವೃತ್ತಿಯನ್ನು ಗುರುತಿಸುವ ಸಂಖ್ಯೆ) ಮತ್ತು ಬೆಲೆಯನ್ನು ತರಗತಿಗಳ ವೇಳಾಪಟ್ಟಿಯಲ್ಲೇ ತಿಳಿಸಬೇಕು. ಪ್ರಕಾಶಕರು ಒಟ್ಟಿಗೆ ಕಟ್ಟಿ ಮಾರುವ ಸಾಮಗ್ರಿಗಳನ್ನು ಬಿಡಿಬಿಡಿಯಾಗಿಯೂ ಮಾರಬೇಕು. ಕೆಲವು ಕಾಲೇಜುಗಳಲ್ಲಿ ಪುಸ್ತಕದ ಹಣ ಶುಲ್ಕದ ಬಿಲ್ಲಿಗೇ ತಾನಾಗಿ ಸೇರಿಬಿಡುತ್ತದೆ. ಬೇಡವೆನ್ನುವ ಅವಕಾಶವನ್ನು ನಿಗದಿತ ದಿನಾಂಕದೊಳಗೆ ಬಳಸದಿದ್ದರೆ ಆ ಹಣ ಹೋದಂತೆಯೇ.

ಕೋಡ್ ಬೇಡದ ಅಧ್ಯಾಪಕರು ಸಿಕ್ಕರೆ ಖರ್ಚು ಬಹುಪಾಲು ಇಳಿಯುತ್ತದೆ. ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಯೋಜನೆಯ ರಸಾಯನಶಾಸ್ತ್ರ ಪುಸ್ತಕದ ಎರಡನೆಯ ಆವೃತ್ತಿ 2019ರಲ್ಲಿ ಬಂದಿದ್ದು, ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಕೆಮ್‌ವಿಕಿ ಎಂದು ಆರಂಭವಾಗಿ ಈಗ ಲಿಬ್ರೆಟೆಕ್ಸ್ಟ್ಸ್ ಆಗಿ ಬೆಳೆದಿರುವ ಭಂಡಾರವೂ ಉಚಿತವೇ. ಇವುಗಳ ಗುಣಮಟ್ಟದ ಬಗ್ಗೆ ಅನುಮಾನಪಡುವವರಿದ್ದಾರೆ. ಮೊದಲ ವರ್ಷದ ಸ್ಟಾಯ್ಕಿಯೊಮೆಟ್ರಿಯಾಗಲಿ (ರಾಸಾಯನಿಕ ಕ್ರಿಯೆಯಲ್ಲಿ ವಸ್ತುಗಳ ಪ್ರಮಾಣದ ಲೆಕ್ಕಾಚಾರ) ಆಮ್ಲ-ಪ್ರತ್ಯಾಮ್ಲಗಳ ಸಮತೋಲನವಾಗಲಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವ ವಿಷಯಗಳಲ್ಲವಾದ್ದರಿಂದ, ದುಬಾರಿ ಹೊಸ ಆವೃತ್ತಿಗಳ ಅಗತ್ಯದ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ಪ್ರಯೋಗಾಲಯದ ಸಾಮಾನುಗಳಲ್ಲಿ ಮಾತ್ರ ಅತಿ ಜಿಪುಣತನ ಸಲ್ಲದು. ಕಣ್ಣಿನ ರಕ್ಷಣೆಗೆ ದ್ರವ ಸಿಡಿದರೂ ತಡೆಯುವ ಗಾಗಲ್ಸ್ ಬೇಕು. ಅದರ ಮೇಲೆ ಜೆಡ್87 ಎಂಬ ಸುರಕ್ಷತಾ ಮಾನದಂಡದ ಗುರುತಿನೊಂದಿಗೆ, ಸಿಡಿಯುವ ದ್ರವವನ್ನು ತಡೆಯುತ್ತದೆಂದು ಸೂಚಿಸುವ ಡಿ3 ಎಂದೂ ಇದೆಯೇ ನೋಡಬೇಕು. ಊರಿನಿಂದ ತಂದ ಲ್ಯಾಬ್ ಕೋಟಿನಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ, ಬೆಂಕಿ ತಗುಲಿದಾಗ ಕರಗಿ ಮೈಗೆ ಅಂಟುವ ಅಪಾಯವಿದೆ. ಅಪ್ಪಟ ಹತ್ತಿಯದೇ ಮೇಲು. ಅಮೆರಿಕನ್ ಕೆಮಿಕಲ್ ಸೊಸೈಟಿಯ ವಿದ್ಯಾರ್ಥಿ ಘಟಕಗಳು ಅನೇಕ ಕಡೆ ಸೆಮಿಸ್ಟರಿನ ಮೊದಲ ವಾರ ಇವನ್ನು ಮಾರುತ್ತವೆ. ಲ್ಯಾಬ್ ಕೈಪಿಡಿಯಲ್ಲಿ ಬರೆದು ಹರಿದು ಕೊಡಬೇಕಾದ ಹಾಳೆಗಳಿದ್ದರೆ ಹಳೆಯ ಪ್ರತಿ ವ್ಯರ್ಥ.

ಟೆಕ್ಸಸ್‌ನಲ್ಲಿ 2017ರಲ್ಲಿ ಆದ ಕಾನೂನಿನಿಂದಾಗಿ, ಉಚಿತ ಮುಕ್ತ ಪಠ್ಯಗಳನ್ನಷ್ಟೇ ಬಳಸುವ ತರಗತಿಗಳನ್ನು ಸರ್ಕಾರಿ ಕಾಲೇಜುಗಳ ವೇಳಾಪಟ್ಟಿಯಲ್ಲಿ ಹುಡುಕಲು ಅನುಕೂಲವಾಗಿದೆ. ಬೆಳಗಿನ ಎಂಟು ಗಂಟೆಯ ತರಗತಿ ತಪ್ಪಿಸಿಕೊಳ್ಳಲು ಆ ಪಟ್ಟಿಯನ್ನು ಜಾಲಾಡುವ ಮಕ್ಕಳಿಗೆ, ನೋಂದಣಿಗೆ ಮೊದಲೇ ಇದನ್ನೂ ನೋಡುವಂತೆ ನಾನು ಹೇಳುತ್ತಿದ್ದೇನೆ.