ಶನಿವಾರದ ಗೇಟು

ಶನಿವಾರ ಬೆಳಿಗ್ಗೆ ಶಾಂತಿಗ್ರಾಮದ ಟೋಲಿಗೆ ಬರುವ ಕಾರುಗಳಿಗೇ ಒಂದು ಹುಮ್ಮಸ್ಸು. ಬೆಂಗಳೂರನ್ನು ಕತ್ತಲಲ್ಲೇ ಬಿಟ್ಟವರು. ಹಾಸನ ದಾಟಿದ ಮೇಲೆ ಯಾರು ಎತ್ತ ಹೋಗುತ್ತಾರೆ ಅಂತ ಬೂತಿನಲ್ಲಿ ಕೂತೇ ಹೇಳಿಬಿಡುತ್ತೇನೆ. ಹಿಂದಿನ ಸೀಟಿನಲ್ಲಿ ಇದ್ದಿಲಿನ ಚೀಲ, ಸ್ಪೀಕರು, ನಾಲ್ಕು ಜನ ಹುಡುಗರು ಇದ್ದರೆ ಸಕಲೇಶಪುರದ ಹೋಂಸ್ಟೇ. ಹೊಸ ಸ್ವೆಟರಿನ ಹೊಸ ಜೋಡಿ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ. ಒದ್ದೆ ತಲೆ, ಹಣೆಯಲ್ಲಿ ಕುಂಕುಮ, ಅಜ್ಜಿಯ ಮಡಿಲಲ್ಲಿ ಪುಳಿಯೋಗರೆ ಡಬ್ಬಿ ಅಂದರೆ ಶಿರಾಡಿ ಇಳಿದು ಧರ್ಮಸ್ಥಳಕ್ಕೆ.

2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅದಕ್ಕೂ ಮುಂಚೆ ಎಲ್ಲರೂ ಗಾಜು ಇಳಿಸುತ್ತಿದ್ದರು. ಚಿಲ್ಲರೆ ಜಗಳ ಇತ್ತು, ಜೊತೆಗೆ ಒಂದು ‘ನಮಸ್ಕಾರ’ವೂ ಇತ್ತು. ಈಗ ಎಲ್ಲ ಸರಿ ಇರುವವರು ನನ್ನನ್ನು ನೋಡುವುದೇ ಇಲ್ಲ. ಗೇಟು ತಾನೇ ಏಳುತ್ತದೆ, ಹೋಗುತ್ತಾರೆ. ನನ್ನ ಮುಂದೆ ನಿಲ್ಲುವವರು ಬ್ಯಾಲೆನ್ಸ್ ಇಲ್ಲದವರು, ಬ್ಲ್ಯಾಕ್‌ಲಿಸ್ಟ್ ಆದವರು, ಟ್ಯಾಗನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ಆರತಿ ಎತ್ತುವವರು. ದಿನವಿಡೀ ಇಂಥವರನ್ನೇ ನೋಡಿ ನೋಡಿ ಲೋಕದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಕೆಟ್ಟಿದೆ. ಒಳ್ಳೆಯವರು ಮುಖ ತೋರಿಸದೆ ಹೋಗಿಬಿಡುತ್ತಾರಲ್ಲ!

ಮೊನ್ನೆ ಒಬ್ಬರದು ಬ್ಲ್ಯಾಕ್‌ಲಿಸ್ಟ್ ಅಂತ ಬಂತು.

“ಇನ್ನೊಂದ್ಸಲ ಸ್ಕ್ಯಾನ್ ಮಾಡ್ರಿ.”

ಮಾಡಿದೆ. ಮತ್ತೆ ಅದೇ.

“ನಿನ್ನೆ ರಾತ್ರಿನೇ ನೋಡ್ಕೊಳಿ ಅಂತ ಬಡ್ಕೊಂಡೆ” ಅಂದರು ಪಕ್ಕದಲ್ಲಿದ್ದವರು.

ಹೆಂಡತಿಗೆ ಚಾಡಿ ಹೇಳಿದವನು ನಾನೇ ಅನ್ನೋ ಹಾಗೆ ನೋಡಿದರು ಆ ಯಜಮಾನರು. “ಯುಪಿಐ ಮಾಡಿ ಸಾರ್, ಒಂದೂಕಾಲು ಪಟ್ಟು ಆಗುತ್ತೆ” ಅಂದೆ. 2025ರ ನವೆಂಬರಿನಿಂದ ನಿಯಮ ಹಾಗೆ. ನೂರು ರೂಪಾಯಿಗೆ ನೂರಿಪ್ಪತ್ತೈದು ಅಂತ ಬಿಡಿಸಿ ಹೇಳುವಷ್ಟರಲ್ಲಿ ಹಿಂದೆ ಹಾರ್ನ್ ಶುರು. ಸ್ಕ್ಯಾನ್ ಮಾಡಿ ದುಡ್ಡು ಹಾಕಿದರು. ಹೊರಡುವಾಗ ಆ ಅಮ್ಮ ಗಾಜಿನಿಂದ ಬಗ್ಗಿ “ಮುಳ್ಳಯ್ಯನಗಿರೀಲಿ ತುಂಬಾ ಚಳಿನಾ?” ಅಂದರು.

ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. “ಗಾಳಿ ಜಾಸ್ತಿ ಅಮ್ಮ, ಕಿವಿಗೆ ಏನಾದ್ರೂ ಕಟ್ಕೊಳಿ” ಅನ್ನುತ್ತೇನೆ. 1930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ ಅಂತಲೂ ಸೇರಿಸುತ್ತೇನೆ. ನಾನು ಅಲ್ಲಿಗೆ ಹೋಗಿಲ್ಲ. ಹೋಗಿ ಬಂದವರ ಮಾತು ಕೇಳಿದ್ದೇನೆ, ಅಷ್ಟು ಸಾಕು.

ಭಾನುವಾರ ಸಂಜೆ ಇವರೇ ಎದುರಿನ ಲೇನಿನಲ್ಲಿ ವಾಪಸ್. ಟೈರಿಗೆ ಕೆಂಪು ಮಣ್ಣು, ಹಿಂದೆ ಕಾಫಿಪುಡಿಯ ಪೊಟ್ಟಣ, ಬಾಯಿ ತೆರೆದು ಮಲಗಿದ ಮಕ್ಕಳು. ಶನಿವಾರ ಕುಣಿಯುತ್ತಿದ್ದ ಹುಡುಗರಲ್ಲಿ ಒಬ್ಬ ಮಾತ್ರ ಎಚ್ಚರ, ಪಾಪ, ಅವನೇ ಡ್ರೈವರು. ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಆಗ ವಾರದ ಏಳೂ ದಿನ ಶನಿವಾರವೇ.

ನನಗೆ ರಜೆ ಮಂಗಳವಾರ. ಮಕ್ಕಳಿಗೆ ಅವತ್ತು ಸ್ಕೂಲು. ದಸರಾ ರಜೆಯಲ್ಲಿ ಹೋಗೋಣ ಅಂದರೆ ಆಗ ಇಲ್ಲಿ ಗಾಡಿ ಜಾಸ್ತಿ, ನನಗೆ ರಜೆ ಸಿಗಲ್ಲ.

“ಮಕ್ಕಳನ್ನ ಅಮ್ಮನ ಹತ್ರ ಬಿಟ್ಟು ಒಂದು ಮಂಗಳವಾರ ಬೈಕಲ್ಲೇ ಹೋಗ್ಬರೋಣ. ಬೈಕಿಗೆ ಟೋಲ್ ಇಲ್ಲ ಅಂತ ನೀವೇ ಹೇಳ್ತೀರಲ್ಲ” ಅಂದಳು ನನ್ನವಳು.

ಗಿರಿ ಹತ್ತೋಕೆ ಈಗ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬೇಕು, ಅಲ್ಲಿ ಬೈಕಿಗೂ ದುಡ್ಡು ಕಟ್ಟಬೇಕು ಅಂದೆ.

“ಕಟ್ಟಿ. ಯಾವಾಗ್ಲೂ ಬೇರೆಯವರೇ ಕಟ್ಬೇಕಾ?” ಅಂದಳು.