ಆ್ಯಂಟಿಕ್ಕುಗಳಿಗೆ ಅಮ್ಮ ಕೊಟ್ಟ ಉದ್ಯೋಗ

ಹೆಣಿಗೆಯ ಹುಚ್ಚು ಹಿಡಿದವರು ರೆಡ್ಡಿಚ್ ಊರಿನ ಆಸುಪಾಸಿನಲ್ಲಿ ಮನೆ ಮಾಡಬಾರದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಸ್ವಲ್ಪ ದಕ್ಷಿಣಕ್ಕಿರುವ ಈ ಊರು ಒಂದು ಕಾಲಕ್ಕೆ ಲೋಕಕ್ಕೆಲ್ಲ ಸೂಜಿ ಮಾಡಿ ಕಳಿಸುತ್ತಿತ್ತು. ಕಾರ್ಖಾನೆಗಳು ಮುಚ್ಚಿದವು. ಫೋರ್ಜ್ ಮಿಲ್ ಎಂಬ ಹಳೆಯ ಗಿರಣಿ 1983ರಲ್ಲಿ ಸೂಜಿ ಮ್ಯೂಸಿಯಂ ಆಯಿತು. ಮ್ಯೂಸಿಯಮ್ಮಿಗೆ ಬೇಡವಾದದ್ದು ಸುತ್ತಲಿನ ಚಾರಿಟಿ ಅಂಗಡಿಗಳಿಗೆ ಬರುತ್ತದೆ, ಅಲ್ಲಿಂದ ನಮ್ಮ ಮನೆಗೆ ಬರುತ್ತದೆ ಎಂದು ನಮ್ಮ ಯಜಮಾನರ ವಾದ.

ಚಾರಿಟಿ ಅಂಗಡಿ ಎಂದರೆ ಜನ ಬೇಡವೆಂದು ಕೊಟ್ಟ ಸಾಮಾನನ್ನು ಮಾರಿ, ಬಂದ ದುಡ್ಡನ್ನು ಧರ್ಮಕಾರ್ಯಕ್ಕೆ ಬಳಸುವ ಅಂಗಡಿ. ಹಾಗಾಗಿ ನಾನು ಅಲ್ಲಿ ಮಾಡುವುದು ಖರ್ಚಲ್ಲ, ದಾನ. ಇದನ್ನು ಅವರಿಗೆ ಬಿಡಿಸಿ ಹೇಳಿದ್ದೇನೆ. ಅವರು ಒಪ್ಪಿಲ್ಲ, ಆದರೆ ಎದುರು ಮಾತೂ ಆಡಿಲ್ಲ. ಹೀಗೆ ದಾನ ಮಾಡುತ್ತ ಮಾಡುತ್ತ ಮನೆ ತುಂಬಿತು. ಬೂದುಬಣ್ಣದ ಹಳೆ ಅಲ್ಯೂಮಿನಿಯಂ ಕಡ್ಡಿಗಳು, ಕಡ್ಡಿಯ ದಪ್ಪ ಅಳೆಯಲು ಗಂಟೆಯ ಆಕಾರದ, ಮೈತುಂಬ ತೂತಿರುವ ತಗಡು, ಉಲ್ಲನ್ ಲಡಿ ಬಿಡಿಸಲು ಛತ್ರಿಯ ಹಾಗೆ ಬಿಚ್ಚಿಕೊಳ್ಳುವ ಮರದ ರಾಟೆ, ಹಾಲಿನ ಕೇಸಿನ್‌ನಿಂದ ಮಾಡಿದ ಗುಂಡಿಗಳ ಡಬ್ಬ, ಕಾಲುಚೀಲ ರಫು ಮಾಡುವಾಗ ಒಳಗೆ ಇಟ್ಟುಕೊಳ್ಳುವ ಮರದ ಅಣಬೆ. ಎಲ್ಲವನ್ನೂ ಒರೆಸಿ, ಗಾಜಿನ ಬೀರುವಿನಲ್ಲಿ ಜೋಡಿಸಿ, ದಿನಕ್ಕೊಮ್ಮೆ ನೋಡಿ ಸಂತೋಷಪಡುತ್ತಿದ್ದೆ. ಇದರ ನಡುವೆ ಸ್ವೆಟರ್ ಹೆಣೆಯುವುದು ಯಾವಾಗ ಎಂದು ದಯವಿಟ್ಟು ಕೇಳಬೇಡಿ.

ಅಷ್ಟರಲ್ಲಿ ಮೈಸೂರಿನಿಂದ ಆರು ತಿಂಗಳ ವೀಸಾದ ಮೇಲೆ ಅಮ್ಮ ಬಂದಳು.

ಅಮ್ಮನ ಸಿದ್ಧಾಂತ ಸರಳ. ಕೂತು ತಿನ್ನುವ ಮನುಷ್ಯರನ್ನು ಬೇಕಾದರೂ ಸಹಿಸಬಹುದು, ಕೂತಿರುವ ಸಾಮಾನನ್ನಲ್ಲ. ಬಂದ ವಾರದಲ್ಲೇ ಒಂದು ಮಧ್ಯಾಹ್ನ ಮಸ್ಸೊಪ್ಪು ಮಾಡಿ ಬಡಿಸಿದಳು. ಯಜಮಾನರು ಎರಡನೇ ಸಲ ಹಾಕಿಸಿಕೊಂಡು, "ಅತ್ತೆ, ಮಿಕ್ಸಿಗೆ ಹಾಕಿದ್ರೆ ಈ ಹದ ಬರಲ್ಲ" ಎಂದು ಹೊಗಳಿದರು.

"ಮಿಕ್ಸಿ ಯಾಕಪ್ಪ, ಇವಳ ಬೀರೂಲಿ ಎಂಥಾ ಮಸಗೋಲು ಇಟ್ಟುಕೊಂಡಿದಾಳೆ ನೋಡಿ! ಇಲ್ಲಿಯವರೂ ಮಸ್ಸೊಪ್ಪು ಮಾಡ್ತಾರೇನೇ?"

ಅವಳ ಕೈಯಲ್ಲಿ ಅಣಬೆ. ಅದರ ನೆತ್ತಿಯ ಮೇಲೆ ದಂಟಿನ ಸೊಪ್ಪು.

"ಅಮ್ಮಾ, ಅದು ಕಾಲುಚೀಲದೊಳಗೆ ಇಡೋದು!"

ಯಜಮಾನರ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಎಪ್ಪತ್ತು ವರ್ಷ ಯಾವ ಯಾವ ದೊರೆಗಳ ಕಾಲುಚೀಲದೊಳಗೆ ಆ ಅಣಬೆ ಬಾಳಿತ್ತೋ! "ತೊಳೆದಿದೀನಲ್ಲ" ಎಂದಳು ಅಮ್ಮ. ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಅಣಬೆ ಮತ್ತೆ ಬೀರುವಿಗೆ ಬರಲಿಲ್ಲ.

ಆಮೇಲೆ ಉಳಿದವಕ್ಕೂ ಒಂದೊಂದೇ ನೌಕರಿ ಸಿಕ್ಕಿತು. ಮರದ ರಾಟೆಯನ್ನು ಊಟದ ಮೇಜಿಗೆ ಬಿಗಿದು, ಬಿಚ್ಚಿ, ಕರವಸ್ತ್ರ ಒಣಹಾಕಿದಳು. ಹೀಟರಿನ ಗಾಳಿಗೆ ಅದು ತಾನಾಗಿ ನಿಧಾನಕ್ಕೆ ತಿರುಗುತ್ತಿತ್ತು, ನೋಡಲು ಚೆನ್ನಾಗಿಯೇ ಇತ್ತು ಎನ್ನಿ. ಕೇಸಿನ್ ಗುಂಡಿಗಳು ಚೌಕಾಬಾರದ ಕಾಯಿಗಳಾದವು. ಕಡ್ಡಿಗಳಲ್ಲಿ ಒಂದು ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ಚುಚ್ಚಿ ನೋಡುವ ಇನ್ಸ್‌ಪೆಕ್ಟರ್ ಆಯಿತು.

"ಈ ಕಡ್ಡಿಗೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಊಟಿ ಹತ್ತಿರಾನೇ ಮಾಡ್ತಾರಲ್ಲ" ಎಂದಳು.

ಮಾಡುವುದು ನಿಜ. ಮೈಸೂರಿನವರು ಹೊಸ ವರ್ಷಕ್ಕೆ ಕಾರು ತೆಗೆದುಕೊಂಡು ಓಡುವ ಅದೇ ನೀಲಗಿರಿಯ ಕೇತ್ತಿಯಲ್ಲಿ 1949ರಿಂದ ಸೂಜಿ ಕಾರ್ಖಾನೆಯಿದೆ, ಪೋನಿ ಬ್ರ್ಯಾಂಡಿನ ಹೆಣಿಗೆ ಕಡ್ಡಿಗಳು ಅಲ್ಲಿಯವೇ. ಆದರೆ ಅದರ ಹಳೆಯ ಮಾತೃಸಂಸ್ಥೆ ಇದ್ದದ್ದು ರೆಡ್ಡಿಚ್ ಪಕ್ಕದ ಸ್ಟಡ್ಲಿಯಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಈ ತವರಿಗೂ ಮಗಳಿಗೂ ಷೇರುಗಳ ವಿಚಾರದಲ್ಲಿ ಜಗಳ ಬಿದ್ದು, ಸುಪ್ರೀಂ ಕೋರ್ಟು 1981ರಲ್ಲಿ ತೀರ್ಪು ಕೊಟ್ಟಿತು. ಕಂಪನಿ ಕಾನೂನು ಓದುವವರು ಅದನ್ನು ಇವತ್ತಿಗೂ ಉರು ಹೊಡೆಯುತ್ತಾರೆ. ಇಷ್ಟನ್ನೂ ಅಮ್ಮನಿಗೆ ಉತ್ಸಾಹದಿಂದ ಹೇಳಿದೆ. "ಅಯ್ಯೋ ಪಾಪ, ಸೂಜಿಗೂ ಕೋರ್ಟಾ" ಎಂದು ಮುಂದಿನ ಇಡ್ಲಿ ಚುಚ್ಚಿದಳು.

ಕಡ್ಡಿಯ ನಂಬರಿನ ಮೇಲೆ ನಮ್ಮಿಬ್ಬರಿಗೆ ಬಂದ ಮನಸ್ತಾಪ ಮಾತ್ರ ಸಣ್ಣದಲ್ಲ. ಯಜಮಾನರ ಸಹೋದ್ಯೋಗಿಗೆ ಮಗು ಹುಟ್ಟುವುದರಲ್ಲಿತ್ತು. ಅಮೆರಿಕದ ಒಂದು ನಮೂನೆ ಇಟ್ಟುಕೊಂಡು ದಪ್ಪ ಉಲ್ಲನ್ನಿನಲ್ಲಿ ಕುಲಾವಿ ಹೆಣೆಯೋಣವೆಂದು, "ಹತ್ತನೇ ನಂಬರ್ ಕಡ್ಡಿ ಕೊಡಮ್ಮ" ಎಂದೆ. ಅಮ್ಮ ಕೊಟ್ಟಳು. ಅಮೆರಿಕದಲ್ಲಿ ನಂಬರು ಏರಿದ ಹಾಗೆ ಕಡ್ಡಿ ದಪ್ಪವಾಗುತ್ತದೆ, ಅವರ ಹತ್ತು ಎಂದರೆ 6 ಮಿ.ಮೀ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಎಲ್ಲ ತಲೆಕೆಳಗು, ನಂಬರು ಏರಿದ ಹಾಗೆ ಸಣ್ಣ, ಹತ್ತು ಎಂದರೆ 3.25 ಮಿ.ಮೀ. ಬ್ರಿಟಿಷರು ಆ ಲೆಕ್ಕವನ್ನು ಬಿಟ್ಟು ಮಿಲಿಮೀಟರಿಗೆ ಹೋದರು. ಅಮ್ಮ ಬಿಟ್ಟಿರಲಿಲ್ಲ. ಕುಲಾವಿ ತೆಂಗಿನ ಚಿಪ್ಪಿನಷ್ಟು ಗಟ್ಟಿಯಾಗಿ, ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಬಂತು. ತಪ್ಪು ಅವಳದೂ ಅಲ್ಲ, ನನ್ನದೂ ಅಲ್ಲ, ನಡುವೆ ಇರುವ ಅಟ್ಲಾಂಟಿಕ್ ಸಾಗರದ್ದು. ಆ ಕುಲಾವಿಯನ್ನು ಕಾಫಿ ಫಿಲ್ಟರಿಗೆ ತೊಡಿಸಿದಳು. ಡಿಕಾಕ್ಷನ್ ಆರುವುದಿಲ್ಲ, ಅದನ್ನು ಒಪ್ಪಲೇಬೇಕು.

ನಾನು ಪೂರ್ತಿ ಮಾಡಿದ್ದ ಒಂದೇ ಒಂದು ಸ್ವೆಟರ್, ಅಪ್ಪಟ ಉಣ್ಣೆಯದು, ಯಜಮಾನರ ಕೈಯಲ್ಲಿ ಹೋಯಿತು. ಅವರು ಮನೆಗೆಲಸದಲ್ಲಿ ನೆರವಾಗುವ ಮನಸ್ಸು ಮಾಡಿ ಅದನ್ನು ಜೀನ್ಸ್ ಜೊತೆ 60 ಡಿಗ್ರಿಯಲ್ಲಿ ಒಗೆದರು. ಉಣ್ಣೆಯ ಎಳೆಗೆ ಮೈತುಂಬ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿನೀರಲ್ಲಿ ಹಾಕಿ ಕುಲುಕಿದರೆ ಒಂದರ ಪೊರೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬಿಗಿಯುತ್ತದೆ, ಆಮೇಲೆ ದೇವರು ಬಂದರೂ ಬಿಡಿಸಲಾರ. ಮೆಷೀನಿನಿಂದ ಹೊರಬಂದದ್ದು ಗೊಂಬೆಗೆ ಆಗುವ ಸ್ವೆಟರ್. ನಾನು ಅಳುವುದೋ ಬೈಯುವುದೋ ಎಂದು ಯೋಚಿಸುತ್ತಿರುವಾಗ ಅಮ್ಮ ಕತ್ತರಿ ತಂದು ಎರಡೂ ತೋಳು ಕತ್ತರಿಸಿದಳು. ಒಂದು ಎಳೆಯೂ ಬಿಚ್ಚಲಿಲ್ಲ. "ಎಷ್ಟು ದಿನದಿಂದ ಒಂದು ಒಳ್ಳೆ ಮಸಿಬಟ್ಟೆಗೆ ಹುಡುಕ್ತಿದ್ದೆ" ಎಂದಳು. ಅವತ್ತಿನಿಂದ ಕುಕ್ಕರನ್ನು ನನ್ನ ಬಲತೋಳಿನಲ್ಲಿ ಇಳಿಸುತ್ತಾಳೆ.

ಕೃಷ್ಣಾಷ್ಟಮಿ ಹತ್ತಿರ ಬಂತು. ಇನ್ನೂ ಕೆಲಸ ಸಿಗದೆ ಉಳಿದಿದ್ದ ನನ್ನ ಸಾಮಾನನ್ನು ಅಮ್ಮ ಒಂದು ಚೀಲಕ್ಕೆ ತುಂಬಿ, "ಇದನ್ನ ಅದೇ ಅಂಗಡಿಗೆ ವಾಪಸ್ ಕೊಟ್ಟುಬನ್ನಿ" ಎಂದು ಅಳಿಯನಿಗೆ ಹೇಳಿದಳು. ಅವರು ನಿಷ್ಠೆಯಿಂದ ಪಕ್ಕದ ಚೀಲ ಎತ್ತಿಕೊಂಡು ಹೋಗಿ ಕೊಟ್ಟುಬಂದರು. ಅದರಲ್ಲಿದ್ದದ್ದು ಅಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಕೊಂಡು, ಸೀರೆಯಲ್ಲಿ ಸುತ್ತಿ ತಂದಿದ್ದ ಹಿತ್ತಾಳೆಯ ಚಕ್ಕುಲಿ ಒರಳು.

ನಾವು ಓಡಿಹೋದಾಗ ಅದು ಷೋಕೇಸಿನಲ್ಲಿ ವಿರಾಜಮಾನವಾಗಿತ್ತು. ಪಕ್ಕದಲ್ಲಿ ಚಂದದ ಕೈಬರಹದ ಚೀಟಿ: ಜೇಡಿಮಣ್ಣು ಒತ್ತುವ ಕರಕುಶಲ ಸಾಧನ, ಪುರಾತನ, ಅಪರೂಪ, 15 ಪೌಂಡು. ನನ್ನದೇ ವಯಸ್ಸಿನ ಒಬ್ಬಳು ಗಾಜಿಗೆ ಮೂಗು ತಾಗಿಸಿ ಅದನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅವಳು ಪರ್ಸಿಗೆ ಕೈಹಾಕುವ ಮೊದಲೇ ಒಳಗೆ ನುಗ್ಗಿದೆವು. ಅಮ್ಮ ಕೌಂಟರಿನ ಅಜ್ಜಿಯ ಜೊತೆ ಅಚ್ಚ ಕನ್ನಡದಲ್ಲಿ ಐದು ಪೌಂಡಿನಿಂದ ಚೌಕಾಸಿ ಶುರುಮಾಡಿದಳು. ಅಜ್ಜಿ ನಗುತ್ತಲೇ ಇದ್ದಳು, ಒಂದು ಪೆನ್ಸೂ ಇಳಿಸಲಿಲ್ಲ.

ಕೆಲವು ವಾರಗಳ ನಂತರ ಯಜಮಾನರ ಹೆಸರಿಗೆ ಒಂದು ಕಾಗದ ಬಂತು. ಇಲ್ಲಿ ತೆರಿಗೆ ಕಟ್ಟುವವರು ದಾನ ಕೊಡುವಾಗ ಒಂದು ಫಾರಮ್ಮಿಗೆ ಸಹಿ ಹಾಕಿದರೆ, ಆ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೂ ಸರಕಾರ 25 ಪೆನ್ಸ್ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಇವರು ಸಹಿ ಹಾಕಿದ್ದರು. ತಮ್ಮ ಉದಾರ ದಾನದಿಂದ 15 ಪೌಂಡು ಬಂದಿದೆ, ಸರಕಾರದಿಂದ ಮತ್ತೆ 3 ಪೌಂಡು 75 ಪೆನ್ಸ್ ಬರಲಿದೆ, ತಮಗೆ ಅನಂತ ವಂದನೆಗಳು.

ಕಾಗದ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಮನೆಯಲ್ಲಿ ನಿಜವಾದ ದಾನಿ ಯಾರು ಎಂಬ ಮಾತು ಬಂದಾಗಲೆಲ್ಲ ಯಜಮಾನರು ಬಾಯಿ ಬಿಡುವುದಿಲ್ಲ, ಚಕ್ಕುಲಿ ತಿನ್ನುತ್ತ ಅದರತ್ತ ಬೆರಳು ತೋರಿಸುತ್ತಾರೆ.